ಏಳು ತಿಂಗಳ ಗವರ್ನರ್

1977ರಲ್ಲಿ ಸಂಡೂರು ಬೆಟ್ಟಸಾಲಿನ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ ಕೆಲಸ ಆರಂಭಿಸಿತು. ಅದೇ ವರ್ಷ ಮೇ 2ರಂದು ಎಂ. ನರಸಿಂಹಂ ಮುಂಬೈಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ನವೆಂಬರ್ 30ಕ್ಕೆ ಕುರ್ಚಿ ಬಿಟ್ಟರು. ಈ ಎರಡು ಸಂಗತಿಗಳಿಗೆ ನೇರ ನಂಟೇನೂ ಇಲ್ಲ. ಆದರೂ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಜನರಿಗೆ ಬ್ಯಾಂಕಿನ ಬಾಗಿಲು ತೆರೆದದ್ದರ ಹಿಂದೆಯೂ, ಮುಂದೆ ಅದೇ ಬ್ಯಾಂಕು ಅವರೊಂದಿಗೆ ಬಿಗಿಯಾಗಿ ನಡೆದುಕೊಂಡದ್ದರ ಹಿಂದೆಯೂ ಈ ಮನುಷ್ಯನ ಬರಹವಿದೆ. ಕೇಂದ್ರ ಬ್ಯಾಂಕನ್ನು ಮುನ್ನಡೆಸಿದ ಅರ್ಥಶಾಸ್ತ್ರಜ್ಞನನ್ನು ಅಳೆಯುವಾಗ ನಾವು ಅವನ ಅಧಿಕಾರಾವಧಿ, ಬಡ್ಡಿದರ, ನೋಟಿನ ಮೇಲಿನ ಸಹಿ ಇಷ್ಟನ್ನೇ ನೋಡುತ್ತೇವೆ. ನರಸಿಂಹಂ ವೃತ್ತಿಜೀವನ ಈ ಅಳತೆ ತಪ್ಪೆಂದು ತೋರಿಸುತ್ತದೆ ಎಂಬುದು ನನ್ನ ವಾದ. ಅವರ ಮುಖ್ಯ ಕೆಲಸವೆಲ್ಲ ನಡೆದದ್ದು ಗವರ್ನರ್ ಆಗುವ ಮೊದಲು ಮತ್ತು ಆದ ನಂತರ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಕೇಂಬ್ರಿಜ್‌ನಲ್ಲಿ ಓದಿದ ನರಸಿಂಹಂ 1950ರಲ್ಲಿ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರ ವಿಭಾಗಕ್ಕೆ ಸಂಶೋಧನಾ ಅಧಿಕಾರಿಯಾಗಿ ಸೇರಿದರು. ಹೀಗೆ ಬ್ಯಾಂಕಿನ ಒಳಗಿನಿಂದಲೇ ಬೆಳೆದು ಗವರ್ನರ್ ಹುದ್ದೆಗೇರಿದವರು ಇವರೊಬ್ಬರೇ. ಅವರು ಸೇರಿದಾಗ ಗವರ್ನರ್ ಆಗಿದ್ದವರು ಮಂಗಳೂರು ಮೂಲದ ಬೆನೆಗಲ್ ರಾಮರಾವ್. ರಾಮರಾವ್ ಅರ್ಥಶಾಸ್ತ್ರಜ್ಞರಲ್ಲ, ಐಸಿಎಸ್ ಅಧಿಕಾರಿ. ಆದರೆ ಅರ್ಥಶಾಸ್ತ್ರಜ್ಞರಿಗೆ ಮಾಡಲು ಒಳ್ಳೆಯ ಕೆಲಸ ಕೊಟ್ಟವರು. 1951ರಲ್ಲಿ ಅವರ ಕಾಲದಲ್ಲೇ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಶುರುವಾಯಿತು. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಮನೆಮನೆಯ ಸಾಲದ ಲೆಕ್ಕ ಹಾಕಿದಾಗ ಕಂಡದ್ದು ಇಷ್ಟು: ರೈತರ ಸಾಲದಲ್ಲಿ ಸುಮಾರು ಶೇ 70 ಲೇವಾದೇವಿಯವರದು, ಸಹಕಾರ ಸಂಘಗಳ ಪಾಲು ಶೇ 3.1, ವಾಣಿಜ್ಯ ಬ್ಯಾಂಕುಗಳದು ಶೇ 0.9. ಆ ವರದಿಯ ಫಲವಾಗಿ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಐದು ವರ್ಷಗಳಲ್ಲಿ 400 ಹೊಸ ಶಾಖೆ ತೆರೆಯುವ ಹೊಣೆಯೂ ಅದರ ಮೇಲೆ ಬಿತ್ತು. ಹೊಸಪೇಟೆಯ ಬಳಿ 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಎದ್ದಿತ್ತು. ನೀರು ಬಂದ ಹೊಲಕ್ಕೆ ಬೀಜ, ಗೊಬ್ಬರ, ಆಳಿನ ಕೂಲಿ ಎಂದು ಮೊದಲಿಗಿಂತ ಹೆಚ್ಚು ದುಡ್ಡು ಬೇಕು. ಕಬ್ಬಿಗಂತೂ ಹಾಕಿದ ದುಡ್ಡು ಮರಳಲು ವರ್ಷ ಹಿಡಿಯುತ್ತದೆ. ಕಾಲುವೆಯ ನೀರಿನ ಬೆನ್ನಿಗೇ ಸಾಲದ ದಾರಿ ಬಾರದಿದ್ದರೆ ಆ ನೀರಿನ ಲಾಭ ಸಾಹುಕಾರನ ಮನೆ ಸೇರುತ್ತದೆ.

ಈ ಪ್ರಶ್ನೆ ಮತ್ತೆ ನರಸಿಂಹಂ ಮುಂದೆ ಬಂದದ್ದು 1975ರಲ್ಲಿ. ಬ್ಯಾಂಕ್ ರಾಷ್ಟ್ರೀಕರಣವಾಗಿ ಆರು ವರ್ಷ ಕಳೆದರೂ ಸಣ್ಣ ರೈತ, ಕೂಲಿಕಾರ, ಕುಶಲಕರ್ಮಿ ಬ್ಯಾಂಕಿನಿಂದ ಹೊರಗೇ ಉಳಿದಿದ್ದರು. ಜುಲೈ 1ರಂದು ನರಸಿಂಹಂ ಅಧ್ಯಕ್ಷತೆಯಲ್ಲಿ ಕಾರ್ಯತಂಡ ರಚನೆಯಾಯಿತು. ಅದೇ ತಿಂಗಳ ಕೊನೆಗೆ ವರದಿ ಸಿದ್ಧವಿತ್ತು. ಸಹಕಾರ ಸಂಘಕ್ಕೆ ಹಳ್ಳಿ ಗೊತ್ತು, ದುಡ್ಡಿಲ್ಲ, ಶಿಸ್ತೂ ಕಡಿಮೆ. ವಾಣಿಜ್ಯ ಬ್ಯಾಂಕಿಗೆ ದುಡ್ಡಿದೆ, ಹಳ್ಳಿ ಗೊತ್ತಿಲ್ಲ, ಅದರ ನೌಕರರ ಸಂಬಳದ ಖರ್ಚು ಸಣ್ಣ ಸಾಲದ ಬಡ್ಡಿಯಲ್ಲಿ ಹುಟ್ಟುವುದಿಲ್ಲ. ಹೀಗಾಗಿ ಎರಡರ ಗುಣವನ್ನೂ ಕೂಡಿಸಿದ, ಕಡಿಮೆ ಖರ್ಚಿನ, ಸ್ಥಳೀಯ ಬ್ಯಾಂಕು ಬೇಕೆಂಬುದು ವರದಿಯ ಸಾರ. ಸೆಪ್ಟೆಂಬರ್ 26ರಂದು ಸುಗ್ರೀವಾಜ್ಞೆ ಬಂತು, ಅಕ್ಟೋಬರ್ 2ರಂದು ಮೊದಲ ಐದು ಗ್ರಾಮೀಣ ಬ್ಯಾಂಕುಗಳು ತೆರೆದವು. ಬಂಡವಾಳದಲ್ಲಿ ಕೇಂದ್ರದ್ದು ಶೇ 50, ಪ್ರಾಯೋಜಕ ಬ್ಯಾಂಕಿನದು ಶೇ 35, ರಾಜ್ಯದ್ದು ಶೇ 15. 1976ರ ಜನವರಿಯಲ್ಲಿ ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಮುಂಬೈ, ದೆಹಲಿಯ ಕಡತವೊಂದು ಆರೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಬ್ಯಾಂಕಾಗಿ ನಿಂತ ಉದಾಹರಣೆ ನಮ್ಮ ಆಡಳಿತದಲ್ಲಿ ಹೆಚ್ಚಿಲ್ಲ. ಹಲವು ವಿಲೀನ, ಹಲವು ಹೆಸರುಗಳ ನಂತರ ಇಂದು ಇಡೀ ರಾಜ್ಯಕ್ಕೆ ಒಂದೇ ಆಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ.

ಇದನ್ನು ನರಸಿಂಹಂ ಸಾಧನೆ ಎನ್ನುವುದು ಸರಿಯೇ ಎಂದು ಕೇಳಬಹುದು. ಅದು ತುರ್ತುಪರಿಸ್ಥಿತಿಯ ಕಾಲ. ಗ್ರಾಮೀಣ ಸಾಲದ ಹೊರೆ ಇಳಿಸುವುದು ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲೇ ಇತ್ತು. ನಿರ್ಧಾರ ರಾಜಕೀಯದ್ದು, ಅರ್ಥಶಾಸ್ತ್ರಜ್ಞ ಬರೆದುಕೊಟ್ಟ ಅಷ್ಟೆ ಎಂಬ ಮಾತಿನಲ್ಲಿ ನಿಜವಿದೆ. ಸುಗ್ರೀವಾಜ್ಞೆಯ ಆ ಅವಸರ ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದೂ ಅಲ್ಲ. ಆದರೆ ಸಾಹುಕಾರನ ಸಾಲ ತೀರಿಸಬೇಕಿಲ್ಲ ಎಂದು ಆಜ್ಞೆ ಹೊರಡಿಸುವುದು ಸುಲಭ. ಮರುವರ್ಷ ಬಿತ್ತನೆಗೆ ರೈತ ಯಾರ ಬಳಿ ಹೋಗಬೇಕು ಎಂಬುದಕ್ಕೆ ಆ ಆಜ್ಞೆಯಲ್ಲಿ ಉತ್ತರವಿರಲಿಲ್ಲ. ಸಂಸ್ಥೆಯ ರೂಪ, ಬಂಡವಾಳದ ಹಂಚಿಕೆ, ಸಂಬಳದ ಮಿತಿ ಇವನ್ನೆಲ್ಲ ಲೆಕ್ಕಹಾಕಿ ಕೊಟ್ಟಿದ್ದರಿಂದಲೇ ಘೋಷಣೆ ಹೋದರೂ ಬ್ಯಾಂಕು ಉಳಿಯಿತು. 1977ರಲ್ಲಿ ಬಂದ ಜನತಾ ಸರ್ಕಾರ ತುರ್ತುಪರಿಸ್ಥಿತಿಯ ಎಷ್ಟೋ ನಿರ್ಧಾರಗಳನ್ನು ಕಿತ್ತುಹಾಕಿತು, ಗ್ರಾಮೀಣ ಬ್ಯಾಂಕುಗಳನ್ನು ಮುಟ್ಟಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. 1980ರ ದಶಕದ ಕೊನೆಗೆ ದೇಶದ 196 ಗ್ರಾಮೀಣ ಬ್ಯಾಂಕುಗಳಲ್ಲಿ ಹೆಚ್ಚಿನವು ನಷ್ಟದಲ್ಲಿದ್ದವು. ಅವನ್ನು ಪ್ರಾಯೋಜಕ ಬ್ಯಾಂಕುಗಳಲ್ಲೇ ಸೇರಿಸಿಬಿಡಿ ಎಂದು 1989ರಲ್ಲಿ ಖುಸ್ರೊ ಸಮಿತಿ ಹೇಳಿತು. ಹಾಗಾದರೆ 1975ರ ಲೆಕ್ಕವೇ ತಪ್ಪಿತ್ತೆ? ಅರ್ಧ ಮಾತ್ರ ಎನ್ನುತ್ತೇನೆ. ಬಡವರಿಗಷ್ಟೇ ಸಾಲ ಕೊಡಬೇಕೆಂಬ ಕಟ್ಟುಪಾಡು ಬ್ಯಾಂಕನ್ನು ಮೊದಲ ದಿನದಿಂದಲೇ ಸೊರಗಿಸಿತು. ಆ ತಪ್ಪು ಮೂಲ ಯೋಜನೆಯದೇ. ಆದರೆ ಕಡಿಮೆ ಖರ್ಚು ಎಂಬ ಅದರ ಆಧಾರವನ್ನು ಕಿತ್ತವರು ಬೇರೆಯವರು. ನೌಕರರಿಗೆ ಪ್ರಾಯೋಜಕ ಬ್ಯಾಂಕಿನ ಸಮಾನ ವೇತನ ಕೊಡಬೇಕೆಂದು 1990ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂತು. ನೌಕರರ ದೃಷ್ಟಿಯಿಂದ ಅದು ನ್ಯಾಯವೇ, ಆದರೆ ಹೆಚ್ಚಿದ ಖರ್ಚಿಗೆ ತಕ್ಕ ವ್ಯವಹಾರಕ್ಕೆ ಅವಕಾಶವಿರಲಿಲ್ಲ. ಅದೇ ವರ್ಷ ಹತ್ತು ಸಾವಿರ ರೂಪಾಯಿವರೆಗಿನ ಸಾಲಮನ್ನಾ ಬಂತು. ಕಂತು ಕಟ್ಟಿದವನು ಪೆದ್ದನಾದ, ಕಟ್ಟದವನು ಜಾಣನಾದ. ಇನ್ನೊಂದು ಮನ್ನಾ ಬರುತ್ತದೆಂದು ಕಾಯುವ ಅಭ್ಯಾಸ ಆಗ ಬೇರೂರಿತು.

1991ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸರ್ಕಾರ ಮತ್ತೆ ನರಸಿಂಹಂ ಅವರನ್ನೇ ಕರೆಯಿತು. ಬಾರದ ಬಡ್ಡಿಯನ್ನು ಆದಾಯವೆಂದು ಬರೆದುಕೊಳ್ಳಬೇಡಿ, ಸಾಲಗಳನ್ನು ವಸೂಲಿಯ ಸ್ಥಿತಿ ನೋಡಿ ವರ್ಗೀಕರಿಸಿ, ಮುಳುಗಿದ ಸಾಲಕ್ಕೆ ಲಾಭದಿಂದ ಹಣ ತೆಗೆದಿಡಿ ಎಂದು ಅವರ ಸಮಿತಿ ಹೇಳಿತು. ಗ್ರಾಮೀಣ ಬ್ಯಾಂಕುಗಳಿಗೆ ಎಲ್ಲ ಬಗೆಯ ವ್ಯವಹಾರಕ್ಕೂ ಅವಕಾಶ ಕೊಡಿ ಎಂದೂ ಸೇರಿಸಿತು. ಬ್ಯಾಂಕುಗಳು ಸರ್ಕಾರಿ ಪತ್ರಗಳಲ್ಲಿ ಕಡ್ಡಾಯವಾಗಿ ತೊಡಗಿಸಬೇಕಿದ್ದ ಶೇ 38.5ನ್ನು ಶೇ 25ಕ್ಕೆ ಇಳಿಸಲು ಸೂಚಿಸಿತು. ಆದ್ಯತಾ ವಲಯದ ಸಾಲವನ್ನು ಶೇ 40ರಿಂದ ಶೇ 10ಕ್ಕೆ ಇಳಿಸಿ ಎಂಬ ಸಲಹೆಯನ್ನು ಮಾತ್ರ ಸರ್ಕಾರ ಒಪ್ಪಲಿಲ್ಲ, ಒಪ್ಪದಿದ್ದುದೇ ಒಳ್ಳೆಯದಾಯಿತು. 1975ರಲ್ಲಿ ಬಡವನಿಗೆ ಬ್ಯಾಂಕು ಕೊಟ್ಟವರೇ 1991ರಲ್ಲಿ ಅದನ್ನು ಕಸಿದರು ಎಂದು ಎಡಪಂಥೀಯ ಅರ್ಥಶಾಸ್ತ್ರಜ್ಞರು ಟೀಕಿಸಿದರು. ಆದ್ಯತಾ ವಲಯದ ಮಟ್ಟಿಗೆ ಈ ಟೀಕೆ ಸಲ್ಲುತ್ತದೆ. ಉಳಿದಂತೆ ನನಗೆ ಎರಡೂ ವರದಿಗಳಲ್ಲಿ ಒಂದೇ ಬುದ್ಧಿ ಕೆಲಸ ಮಾಡಿರುವುದು ಕಾಣುತ್ತದೆ. ನಷ್ಟವನ್ನು ಮುಚ್ಚಿಟ್ಟ ಬ್ಯಾಂಕು ಹಳೆಯ ಸಾಲಗಾರನ ಹೆಸರಲ್ಲಿ ಹೊಸ ರೈತನಿಗೆ ಇಲ್ಲ ಎನ್ನುತ್ತದೆ. ಪುಸ್ತಕದಲ್ಲಿ ಸುಳ್ಳು ಬರೆಯುವ ಬ್ಯಾಂಕು ಬಡವನ ಪಾಲಿಗೆ ಬಹಳ ಕಾಲ ಉಳಿಯುವುದಿಲ್ಲ.

ಕುರ್ಚಿಗೂ ಬೆಲೆಯಿದೆ, ಅದನ್ನು ಮರೆತಿಲ್ಲ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಜತೆಗಿನ ಜಗಳದಲ್ಲಿ 1957ರ ಜನವರಿಯಲ್ಲಿ ರಾಜೀನಾಮೆ ಕೊಟ್ಟ ರಾಮರಾವ್, ಬ್ಯಾಂಕಿನ ಗೌರವ ಉಳಿಸಿದ್ದು ಗವರ್ನರ್ ಆಗಿದ್ದುದರಿಂದಲೇ. ಏಳೂವರೆ ವರ್ಷ ಆ ಸ್ಥಾನದಲ್ಲಿದ್ದು ಅತಿ ದೀರ್ಘಾವಧಿಯ ಗವರ್ನರ್ ಎನಿಸಿಕೊಂಡವರೂ ಅವರೇ. ಆದರೂ ಬಳ್ಳಾರಿ ಸೀಮೆಗೆ ಅವರು ಬಿಟ್ಟುಹೋದದ್ದರಲ್ಲಿ ರಾಜೀನಾಮೆ ಪತ್ರಕ್ಕಿಂತ ಸಾಲ ಸಮೀಕ್ಷೆಯೇ ದೊಡ್ಡದು.

ನರಸಿಂಹಂ ಲೆಕ್ಕದ ಕೊರತೆ ಬಯಲಾದದ್ದು ಅದಿರಿನ ನಾಡಿನಲ್ಲೇ. 1998ರ ಅವರ ಎರಡನೇ ಸಮಿತಿ ಸೂಚಿಸಿದ್ದ ಬಿಗಿಯಂತೆ, 2004ರ ಮಾರ್ಚ್‌ನಿಂದ 90 ದಿನ ಕಂತು ಬಾಕಿಯಾದ ಸಾಲ ವಸೂಲಾಗದ ಸಾಲ ಎನಿಸಿತು. ಬೆಳೆಸಾಲಕ್ಕೆ ಮಾತ್ರ ದಿನದ ಬದಲು ಬೆಳೆಯ ಹಂಗಾಮು ಲೆಕ್ಕಕ್ಕೆ ಬಂತು. ಮಳೆ ಕೈಕೊಟ್ಟರೆ ರೈತನ ತಪ್ಪಲ್ಲ ಎಂಬ ತಿಳಿವಳಿಕೆ ಅದರಲ್ಲಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕಾಡು, ಬೆಟ್ಟ, ಸರ್ಕಾರದ ಬೊಕ್ಕಸ ಮೂರನ್ನೂ ದೋಚಿದ ದಂಧೆಗೆ ಆ ತಡೆ ಬೇಕೇ ಇತ್ತು. ಕೆಲವೇ ದಿನಗಳಲ್ಲಿ ಸರ್ಕಾರಿ ಗಣಿಗೆ ತಿಂಗಳಿಗೆ ಹತ್ತು ಲಕ್ಷ ಟನ್ ಅದಿರು ತೆಗೆಯಲು ಅನುಮತಿ ಸಿಕ್ಕಿದ್ದರಿಂದ ದೋಣಿಮಲೈಗೆ ಉಸಿರಾಡಲು ಸಾಧ್ಯವಾಯಿತು. ಆದರೆ ಸಾಲ ಮಾಡಿ ಒಂದು ಲಾರಿ, ಒಂದು ಟಿಪ್ಪರ್ ಕೊಂಡಿದ್ದ ಹೊಸಪೇಟೆ, ಸಂಡೂರಿನವರಿಗೆ ಕೆಲಸ ನಿಂತಿತು, ಕಂತು ನಿಲ್ಲಲಿಲ್ಲ. ಬ್ಯಾಂಕಿಗಾದರೆ ಮೂರು ತಿಂಗಳು, ಖಾಸಗಿ ಫೈನಾನ್ಸ್‌ನವರ ನಿಯಮದಲ್ಲಿ ಆಗ ಅದಕ್ಕಿಂತ ಹೆಚ್ಚು. ಕೋರ್ಟಿನ ಆದೇಶಕ್ಕೆ ಹಂಗಾಮಿಲ್ಲ, ಅದು ಯಾವಾಗ ಸಡಿಲವಾಗುತ್ತದೆಂದು ಯಾವ ಲೆಕ್ಕಿಗನೂ ಹೇಳಲಾರ. ಅಕ್ರಮ ಅದಿರು ಮಾರಿದವನ ಸಾಲವನ್ನೂ ಬಾಡಿಗೆಗೆ ಲಾರಿ ಓಡಿಸಿದವನ ಸಾಲವನ್ನೂ ನಿಯಮ ಒಂದೇ ಕಣ್ಣಿನಿಂದ ನೋಡಿತು. ಎಲ್ಲರಿಗೂ ಒಂದೇ ನಿಯಮವಿದ್ದರೇ ಬ್ಯಾಂಕಿಗೆ ಶಿಸ್ತು, ವಿನಾಯಿತಿ ಕೊಟ್ಟರೆ 1990ರ ಸಾಲಮನ್ನಾದ ದಾರಿಯೇ ಎಂದು ಯಾರಾದರೂ ಹೇಳಬಹುದು. ನಾನು ಕೇಳುತ್ತಿರುವುದು ಮನ್ನಾ ಅಲ್ಲ. ಬರಗಾಲ ಘೋಷಣೆಯಾದಾಗ ಸಾಲದ ಅವಧಿ ಮರುಹೊಂದಿಸುವ ವಿಧಾನ ರಿಸರ್ವ್ ಬ್ಯಾಂಕಿನ ಬಳಿ ದಶಕಗಳಿಂದ ಇದೆ. ಒಂದು ಇಡೀ ಪ್ರದೇಶದ ದುಡಿಮೆ ನ್ಯಾಯಾಲಯದ ಅಥವಾ ಸರ್ಕಾರದ ಆದೇಶದಿಂದ ನಿಂತಾಗ, ಆದೇಶಕ್ಕೆ ಕಾರಣನಲ್ಲದ ಸಣ್ಣ ಸಾಲಗಾರನಿಗೆ ಅದೇ ವಿಧಾನ ತಾನಾಗಿ ಅನ್ವಯವಾಗುವಂತೆ ನಿಯಮ ಬರೆಯುವುದು ಅಸಾಧ್ಯವೇನಲ್ಲ. 2018ರ ನವೆಂಬರ್‌ನಲ್ಲಿ ಗುತ್ತಿಗೆ ನವೀಕರಣದ ಹಣದ ವಿಚಾರದಲ್ಲಿ ರಾಜ್ಯ ಸರ್ಕಾರಕ್ಕೂ ನಿಗಮಕ್ಕೂ ವ್ಯಾಜ್ಯ ಹತ್ತಿ ದೋಣಿಮಲೈ ಗಣಿಯೇ ಮುಚ್ಚಿತು. ಅದು ಮತ್ತೆ ತೆರೆದದ್ದು 2021ರ ಫೆಬ್ರವರಿಯಲ್ಲಿ. ಆಗಲೂ ಸಾಲದ ಲೆಕ್ಕದಲ್ಲಿ ಇದ್ದದ್ದು ಅದೇ 90 ದಿನ.