ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆ ಮತ್ತು ನೌಕರರ ಪರಿಸರಸ್ನೇಹಿ ವರ್ತನೆ

ಕೆಲಸದ ಸ್ಥಳದಲ್ಲಿ ವಿದ್ಯುತ್, ನೀರು ಮತ್ತು ಕಾಗದವನ್ನು ಮಿತವಾಗಿ ಬಳಸುವುದು, ಕಸವನ್ನು ವಿಂಗಡಿಸುವುದು ಮೊದಲಾದ ನಡೆಗಳನ್ನು ನೌಕರರ ಪರಿಸರಸ್ನೇಹಿ ವರ್ತನೆ ಎನ್ನಲಾಗುತ್ತದೆ. ಇವುಗಳಲ್ಲಿ ಕೆಲವು ಕರ್ತವ್ಯದ ಭಾಗವಾಗಿದ್ದರೆ, ಹಲವು ಸ್ವಯಂಪ್ರೇರಿತವಾದವು. ಸಂಸ್ಥೆಯ ಸಾಮಾಜಿಕ ಹೊಣೆಗಾರಿಕೆಯು ಈ ಎರಡೂ ಬಗೆಯ ವರ್ತನೆಗೆ ಪ್ರೇರಣೆಯಾಗಬಲ್ಲದು.

ಪ್ರಭಾವದ ಸ್ವರೂಪ

ಇದನ್ನು ವಿವರಿಸಲು ಹೆನ್ರಿ ತಾಜ್‌ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಮಂಡಿಸಿದ ಸಾಮಾಜಿಕ ಗುರುತಿನ ಸಿದ್ಧಾಂತವನ್ನು ಬಳಸಲಾಗುತ್ತದೆ. ಅದರ ಪ್ರಕಾರ ವ್ಯಕ್ತಿಯು ತಾನು ಸೇರಿದ ಗುಂಪಿನ ಮೂಲಕವೂ ತನ್ನನ್ನು ಗುರುತಿಸಿಕೊಳ್ಳುತ್ತಾನೆ. ಸಂಸ್ಥೆಯ ಪರಿಸರ ಕಾಳಜಿ ಪ್ರಾಮಾಣಿಕವೆಂದು ನಂಬಿದ ನೌಕರರು ಅದರ ಬಗ್ಗೆ ಹೆಮ್ಮೆಪಟ್ಟು, ಅದೇ ಮೌಲ್ಯಗಳನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಕಾಳಜಿಯು ಪ್ರಚಾರಕ್ಕಷ್ಟೇ ಸೀಮಿತವೆಂದು ಕಂಡರೆ ಅಪನಂಬಿಕೆ ಬೆಳೆದು, ಉತ್ಸಾಹ ಕುಂದುತ್ತದೆ.

ಭಾರತದಲ್ಲಿ

2013ರ ಕಂಪನಿಗಳ ಕಾಯಿದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ನಿಗದಿತ ಮಿತಿಯನ್ನು ತಲುಪಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಪರಿಸರ ಸಂರಕ್ಷಣೆಯೂ ಈ ಕಾರ್ಯಗಳ ಪಟ್ಟಿಯಲ್ಲಿದೆ. ಆದರೆ ಕಂಪನಿಯ ಸಾಮಾನ್ಯ ವ್ಯವಹಾರದ ಅಂಗವಾದ ಚಟುವಟಿಕೆಗಳು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಕೆರೆಯ ಹೂಳೆತ್ತಲು ಹಣ ನೀಡಿದ ಕಂಪನಿಯ ಕಚೇರಿಯಲ್ಲಿಯೇ ದೀಪಗಳು ವ್ಯರ್ಥವಾಗಿ ಉರಿಯುತ್ತಿರುವುದು ಸಾಧ್ಯ. ನೌಕರರ ಪಾಲ್ಗೊಳ್ಳುವಿಕೆ ಮತ್ತು ಮೇಲಧಿಕಾರಿಗಳ ಮಾದರಿ ನಡೆ ಈ ಅಂತರವನ್ನು ಕಡಿಮೆ ಮಾಡಬಲ್ಲವು.