ಮುಸುರೆ ತೊಳೆಯುವ ಯಂತ್ರ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರದ ವಿಷಯವಾಗಿ ಬರೆಯಲು ಹೊರಟಿರುವುದನ್ನು ಕಂಡು ಗುರುಗಳು ಹುಬ್ಬೇರಿಸಬಹುದು. ಆದರೆ ಈ ಯಂತ್ರದ ಪರಿಚಯ ನನಗಾದದ್ದು ಪುಸ್ತಕದಿಂದಲ್ಲ, ನಮ್ಮವ್ವನ ಕೆಲಸದಿಂದ. ಹಂಗಳದಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ತೋಟದ ಮನೆಯಿದೆ. ಅಲ್ಲಿ ಅವ್ವ ಅನೇಕ ವರ್ಷಗಳಿಂದ ಮುಸುರೆ ತಿಕ್ಕುತ್ತ ಬಂದಿದ್ದಾಳೆ. ಕಳೆದ ಬೇಸಿಗೆಯ ರಜದಲ್ಲಿ ಆ ಮನೆಗೆ ಪಾತ್ರೆ ತೊಳೆಯುವ ಯಂತ್ರ ಬಂದಿತು. ಅದನ್ನು ಅಡಿಗೆಕಟ್ಟೆಯ ಕೆಳಗೆ ಕೂರಿಸಲು ಕೊಳಾಯಿ ಕೆಲಸದವನಾದ ನನ್ನ ಸೋದರಮಾವನನ್ನು ಕರೆದರು. ಮಾವನ ಕೈ ಬಹಳ ಚುರುಕು. ಆದರೆ ಕೈಪಿಡಿ ಇಂಗ್ಲಿಷಿನಲ್ಲಿತ್ತು. “ಬಿ.ಎ. ಓದ್ತಾ ಇದ್ದೀಯಲ್ಲ ಅಳಿಯ, ಬಾ, ಓದಿ ಹೇಳು” ಎಂದ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಸ್ವಲ್ಪ ಹೆಮ್ಮೆಯಿಂದಲೇ ಹೊರಟೆ.

ಈ ಯಂತ್ರ ನಾವೆಣಿಸುವಷ್ಟು ಹೊಸದೇನೂ ಅಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ ೧೮೮೬ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಳು. ಆಳುಗಳ ಕೈಯಲ್ಲಿ ತನ್ನ ಪಿಂಗಾಣಿ ತಟ್ಟೆಗಳ ಅಂಚು ಮುಕ್ಕಾಗುತ್ತವೆಂಬ ಬೇಸರವೇ ಆಕೆಯನ್ನು ಈ ಕೆಲಸಕ್ಕೆ ಹಚ್ಚಿತೆಂದು ಹೇಳುತ್ತಾರೆ. ೧೮೯೩ರ ಚಿಕಾಗೋ ಮಹಾಪ್ರದರ್ಶನದಲ್ಲಿ ಆಕೆಯ ಯಂತ್ರವನ್ನು ಇಟ್ಟಿದ್ದರು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದುದೂ ಅದೇ ವರ್ಷ, ಅದೇ ಪ್ರದರ್ಶನದ ಸಂದರ್ಭದಲ್ಲಿ. ನಾವು ಒಂದನ್ನು ಓದಿದ್ದೇವೆ, ಇನ್ನೊಂದನ್ನು ಓದಿಲ್ಲ, ಅಷ್ಟೆ.

ಯಂತ್ರದ ಹೊಟ್ಟೆಯ ತುಂಬ ನೀರು ನಿಂತು ಪಾತ್ರೆಗಳು ಅದರಲ್ಲಿ ಮುಳುಗುತ್ತವೆಂದು ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ನಿಜವಾಗಿ ತಳದ ಗುಳಿಯಲ್ಲಿ ಕೆಲವೇ ಲೀಟರು ನೀರು ನಿಲ್ಲುತ್ತದೆ. ಅದನ್ನು ಕಾಯಿಸಿ, ತೂತುಗಳಿರುವ ಎರಡು ತೋಳುಗಳ ಮೂಲಕ ಪಂಪು ಮೇಲಕ್ಕೆ ಚಿಮ್ಮಿಸುತ್ತದೆ. ತೋಳನ್ನು ತಿರುಗಿಸಲು ಬೇರೆ ಮೋಟಾರಿಲ್ಲ. ಓರೆಯಾಗಿ ಚಿಮ್ಮುವ ನೀರಿನ ಹಿಂದೊತ್ತಿಗೇ ಅದು ಗರಗರ ತಿರುಗುತ್ತದೆ. ಉದುರಿದ ಅಗುಳನ್ನು ತಳದ ಜರಡಿ ಹಿಡಿದುಕೊಳ್ಳುತ್ತದೆ, ಅದೇ ನೀರು ಮತ್ತೆ ಮೇಲೇರುತ್ತದೆ. ಹೀಗಾಗಿ ಒಂದು ಸರದಿಗೆ ಸುಮಾರು ಹತ್ತು ಹನ್ನೆರಡು ಲೀಟರು ಸಾಕು. ಬಿಂದಿಗೆ ಲೆಕ್ಕದಲ್ಲಿ ನೀರು ಹೊತ್ತವಳಾದ ಅವ್ವ ಇದನ್ನು ನಂಬಲಿಲ್ಲ.

ಇನ್ನು ಜೋಡಣೆ. ಕಟ್ಟೆಯ ಕೆಳಗೆ ಅರವತ್ತು ಸೆಂಟಿಮೀಟರ್ ಅಗಲ, ಎಂಬತ್ತೆರಡು ಸೆಂಟಿಮೀಟರ್ ಎತ್ತರದ ಗೂಡು ಬೇಕು. ಅಲ್ಲಿ ಮೊದಲ ತೊಡಕು ಬಂದಿತು. ಯಂತ್ರವನ್ನು ಕಟ್ಟೆಯ ಅಡಿಗೆ ಸ್ಕ್ರೂ ಹೊಡೆದು ನಿಲ್ಲಿಸುವಂತೆ ಕೈಪಿಡಿಯ ಚಿತ್ರ ಹೇಳುತ್ತದೆ. ಆ ಚಿತ್ರದ ಕಟ್ಟೆ ಮರದ್ದು. ನಮ್ಮದೋ ಚಾಮರಾಜನಗರದ ಕರಿಕಲ್ಲು! ಆದುದರಿಂದ ಅಕ್ಕಪಕ್ಕದ ಗೋಡೆಗೇ ಪಟ್ಟಿ ಕೊಟ್ಟು ಬಿಗಿಯಬೇಕಾಯಿತು. ಬಿಗಿಯುವ ಮೊದಲು ಕಾಲುಗಳನ್ನು ತಿರುಗಿಸಿ ಮಟ್ಟಗೋಲು ಇಟ್ಟು ಸಮ ಮಾಡಿಕೊಳ್ಳಬೇಕು. ವಾಲಿದರೆ ಬಾಗಿಲ ಅಂಚಿನಿಂದ ನೀರು ಸೋರುತ್ತದೆ. ಮುಕ್ಕಾಲು ಇಂಚಿನ ನಲ್ಲಿ, ಭೂಸಂಪರ್ಕವಿರುವ ಹದಿನಾರು ಆಂಪಿಯರಿನ ಪ್ಲಗ್ಗು ಇವು ಪಕ್ಕದ ಗೂಡಿನಲ್ಲಿರಬೇಕೇ ಹೊರತು ಯಂತ್ರದ ಬೆನ್ನಿಗೆ ಅಲ್ಲ. ಕೆಟ್ಟಾಗ ಕೈ ಎಟುಕಬೇಕಲ್ಲವೆ?

ನೀರಿನ ಒತ್ತಡದ ಮಾತನ್ನು ಮಾತ್ರ ಸ್ವಲ್ಪ ವಿಸ್ತರಿಸಬೇಕು. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು ಒಂದು ಬಾರ್ ಒತ್ತಡವಿರುತ್ತದೆ. ಬಹುಪಾಲು ಯಂತ್ರಗಳು ಅರ್ಧ ಬಾರನ್ನಾದರೂ ಕೇಳುತ್ತವೆ. ನಮ್ಮ ಕಡೆಯ ಒಂದಂತಸ್ತಿನ ಮನೆಯಲ್ಲಿ ತಾರಸಿಯ ತೊಟ್ಟಿ ನಲ್ಲಿಗಿಂತ ಮೂರು ನಾಲ್ಕು ಮೀಟರ್ ಮೇಲಿದ್ದರೆ ಹೆಚ್ಚು. ಲೆಕ್ಕ ತಾಳೆಯಾಗದು. ಮಾವ ನಡುವೆ ಒಂದು ಸಣ್ಣ ಪಂಪು ಸೇರಿಸಿದ. ಇದನ್ನು ಮಾಡದೆ ಯಂತ್ರಕ್ಕೆ ನೀರೇ ಬರುವುದಿಲ್ಲವೆಂದು ದೂರುವವರುಂಟು. ಪಂಪಿದ್ದೂ ನೀರು ಬಾರದಿದ್ದರೆ, ನೀರು ಒಳಹೋಗುವ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಬಿಚ್ಚಿ ನೋಡಬೇಕು. ಕೊಳವೆಬಾವಿಯ ಮರಳು ಅಲ್ಲಿ ಕಟ್ಟಿಕೊಂಡಿರುತ್ತದೆ.

ಕೊಳಕು ನೀರಿನ ಕೊಳವೆಯನ್ನು ಸಿಂಕಿನ ಕೆಳಗಿನ ಪೈಪಿನ ಮೂತಿಗೆ ಸೇರಿಸುತ್ತಾರೆ. ಸೇರಿಸುವ ಮೊದಲು ಅದನ್ನು ಕಟ್ಟೆಯ ಅಡಿಯವರೆಗೆ ಎತ್ತಿ ಬಾಗಿಸಿ ತರಬೇಕು, ಇಲ್ಲವಾದರೆ ಸಿಂಕಿನ ಗಲೀಜು ಯಂತ್ರಕ್ಕೇ ಹಿಂದಿರುಗುತ್ತದೆ. ಅಷ್ಟನ್ನು ಸರಿಯಾಗಿ ಓದಿ ಹೇಳಿದೆ. ಅದರ ಕೆಳಗೆ ಇನ್ನೊಂದು ವಾಕ್ಯವಿತ್ತು. ಅದರಲ್ಲಿ ‘ಬ್ಲಾಂಕಿಂಗ್’ ಎಂಬ ಪದ. ನನಗೆ ಅರ್ಥವಾಗಲಿಲ್ಲ. “ಅದೇನ್ ಅಳಿಯ?” ಎಂದು ಮಾವ ಕೇಳಿದಾಗ, “ಅದು ಮುಖ್ಯವಲ್ಲ” ಎಂದು ದಾಟಿಸಿಬಿಟ್ಟೆ. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಓಡಿಸಿ ನೋಡದೆಯೇ ಮನೆಗೆ ಬಂದೆವು.

ಮರುದಿನ ಮೊದಲ ಸರದಿಗೇ ಯಂತ್ರ ಕೆಂಪು ದೀಪ ತೋರಿಸಿ ನಿಂತಿತು. ಒಳಗೆ ಕೊಳಕು ನೀರು ಮಡುಗಟ್ಟಿತ್ತು. ಪಾತ್ರೆ ಜೋಡಿಸಿದ್ದವಳು ಅವ್ವ. ಅನ್ನದ ಅಗುಳು, ಮುದ್ದೆಯ ಚೂರು ತೆಗೆಯದೆ ತುಂಬಿದ್ದಾಳೆ, ಯಂತ್ರ ಬಂದುದು ಅವಳಿಗೆ ಇಷ್ಟವಿಲ್ಲ ಎಂದು ಮನೆಯವರು ಆಡಿದರು. ಅವ್ವ ಎದುರಾಡಲಿಲ್ಲ. ಮನೆಗೆ ಬಂದು ಊಟವನ್ನೂ ಮಾಡಲಿಲ್ಲ.

ಸಂಜೆ ಮಾವನೂ ನಾನೂ ಹೋದೆವು. ನೀರು ಇಳಿಯದಿದ್ದಾಗ ಹತ್ತಿರದ್ದನ್ನು ಮೊದಲು, ದೂರದ್ದನ್ನು ಆಮೇಲೆ ನೋಡುವುದು ಮಾವನ ಕ್ರಮ. ಜರಡಿಯನ್ನು ತಿರುಗಿಸಿ ಎತ್ತಿದ. ಅದರಲ್ಲಿ ಒಂದು ಅಗುಳೂ ಇರಲಿಲ್ಲ. ಕೊಳವೆಯನ್ನು ಉದ್ದಕ್ಕೂ ಸವರಿದ, ಎಲ್ಲಿಯೂ ಮಡಿಚಿರಲಿಲ್ಲ. ಕೊನೆಗೆ ಕೊಳವೆಯ ತುದಿಯನ್ನು ಸಿಂಕಿನಿಂದ ಕಳಚಿ ಬಕೆಟ್ಟಿಗೆ ಬಿಟ್ಟು ಗುಂಡಿ ಒತ್ತಿದ. ನೀರು ಭರ್ರನೆ ಬಕೆಟ್ಟಿಗೆ ಸುರಿಯಿತು! ಎಂದರೆ ಪಂಪು ಸರಿ, ಕೊಳವೆ ಸರಿ; ಅಡ್ಡಿ ಇರುವುದು ಸಿಂಕಿನ ಮೂತಿಯಲ್ಲಿ. ಟಾರ್ಚು ಬಿಟ್ಟು ನೋಡಿದರೆ, ಹೊಸ ಮೂತಿಯ ಬಾಯನ್ನು ಒಂದು ಪ್ಲಾಸ್ಟಿಕ್ ಬಿಲ್ಲೆ ಮುಚ್ಚಿತ್ತು. ಯಂತ್ರವಿಲ್ಲದ ಮನೆಯಲ್ಲಿ ನೀರು ಸೋರದಿರಲೆಂದು ಕಾರ್ಖಾನೆಯವರು ಇಟ್ಟಿರುವ ಮುಚ್ಚಳ ಅದು. ಯಂತ್ರ ಸೇರಿಸುವಾಗ ಕೊರೆದು ತೆಗೆಯಬೇಕು. ನಾನು ದಾಟಿಸಿದ್ದ ವಾಕ್ಯ ಹೇಳಿದ್ದೂ ಅದನ್ನೇ. ಮಾವ ನನ್ನ ಮುಖ ನೋಡಿದ. ಮನೆಯವರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವ್ವ ರಾತ್ರಿ ಕೇಳಿದ್ದು ಒಂದೇ ಮಾತು: “ಗೊತ್ತಿಲ್ಲ ಅನ್ನಕ ಏನಾಗಿತ್ತು ನಿಂಗ?”

ತಿಂಗಳಾಗುವಷ್ಟರಲ್ಲಿ ಗಾಜಿನ ಲೋಟಗಳ ಮೇಲೆ ಬೂದಿ ಸವರಿದಂತೆ ಬಿಳಿ ಪೊರೆ ಕಟ್ಟಿತು. ಯಂತ್ರವೇ ಸರಿಯಿಲ್ಲವೆಂದು ಮನೆಯವರು ನಿಶ್ಚಯಿಸಿದರು. ಈ ಸಲ ರೋಗ ಹೇಳಿದವಳು ಅವ್ವ. ಒಂದು ಲೋಟಕ್ಕೆ ಹುಣಿಸೆಹುಳಿ ಹಚ್ಚಿ ಉಜ್ಜಿದಳು, ಪೊರೆ ಹೋಯಿತು. “ಇದು ಬೋರ್ ನೀರ್ನ ಕರೆ, ನೀರೊಲೆ ಹಂಡೇಲಿ ಕಟ್ಟಕಿಲ್ವಾ, ಅದೇಯ” ಎಂದಳು.

ಬೆಟ್ಟದ ಮೇಲಿನ ಹಂಸತೀರ್ಥದಲ್ಲಿ ಕಾಗೆ ಮುಳುಗಿ ಹಂಸವಾಗಿ ಎದ್ದಿತೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಕೊಳವೆಬಾವಿಯ ನೀರು ಬೇರೆ ರೀತಿಯಲ್ಲಿ ಬೆಳ್ಳಗೆ ಮಾಡುತ್ತದೆ! ಮಳೆಯ ನೀರು ಮೆದು. ಅದೇ ನೀರು ನೆಲಕ್ಕಿಳಿದು ಕಲ್ಲಿನ ನಡುವೆ ಬಹುಕಾಲ ನಿಂತಾಗ ಸುಣ್ಣದ ಮತ್ತು ಮೆಗ್ನೀಸಿಯದ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಕಾದಾಗ ಆ ಸುಣ್ಣ ಗಾಜಿನ ಮೇಲೆ ಕೂರುತ್ತದೆ. ಇದಕ್ಕಾಗಿಯೇ ಯಂತ್ರದ ತಳದಲ್ಲಿ ರಾಳದ ಮಣಿಗಳ ಒಂದು ಪೆಟ್ಟಿಗೆಯಿದೆ. ಮಣಿಗಳು ಸುಣ್ಣವನ್ನು ಹಿಡಿದುಕೊಂಡು ಬದಲಿಗೆ ಸೋಡಿಯಮ್ಮನ್ನು ಬಿಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರು ಹರಿದು ಅವುಗಳನ್ನು ತೊಳೆಯಬೇಕು. ಆ ಉಪ್ಪನ್ನು ಯಾರೂ ತುಂಬಿರಲಿಲ್ಲ. ಅಡಿಗೆಯ ಪುಡಿಯುಪ್ಪು ಆಗದು. ಅದರಲ್ಲಿ ಗಂಟು ಕಟ್ಟದಿರಲು ಬೆರೆಸಿದ ಪದಾರ್ಥಗಳಿರುತ್ತವೆ. ಯಂತ್ರಕ್ಕೆಂದೇ ಮಾರುವ ಶುದ್ಧವಾದ ಹರಳುಪ್ಪು ಬೇಕು, ನೀರಿನ ಗಡಸಿಗೆ ತಕ್ಕಂತೆ ಯಂತ್ರದ ಅಂಕಿಯನ್ನೂ ತಿರುಗಿಸಬೇಕು. ಎರಡನ್ನೂ ಮಾಡಿದ ಮೇಲೆ ಲೋಟ ತಿಳಿಯಾಯಿತು. ಸಾಬೂನೂ ಅದಕ್ಕೆ ಬೇರೆಯೇ. ಕೈಯಲ್ಲಿ ತಿಕ್ಕುವ ಸಾಬೂನು ಹಾಕಿದರೆ ನೊರೆಯುಕ್ಕಿ ತಳದ ತಟ್ಟೆಗೆ ಇಳಿಯುತ್ತದೆ, ಅಲ್ಲಿರುವ ತೇಲುಬಿಲ್ಲೆ ಮೇಲೆದ್ದು ಯಂತ್ರವನ್ನು ನಿಲ್ಲಿಸಿಬಿಡುತ್ತದೆ.

ಈಗ ಉಪ್ಪಿನ ದೀಪ ಹತ್ತಿದರೆ ಮನೆಯವರಿಗೆ ತಿಳಿಸುವವಳು ಅವ್ವನೇ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ದೋಸೆಯ ಕಾವಲಿ ತುಕ್ಕು ಹಿಡಿಯುತ್ತದೆ, ಮುದ್ದೆಕೋಲು ಸೀಳುತ್ತದೆ. ಅವನ್ನೆಲ್ಲ ಅವಳು ಒಳಗಿಡುವುದಿಲ್ಲ, ಬೆಳಿಗ್ಗೆ ಹೋಗಿ ನಾರಿನಿಂದಲೇ ತಿಕ್ಕುತ್ತಾಳೆ. ಸಂಜೆಯ ಕೆಲಸ ಮಾತ್ರ ನಿಂತಿದೆ, ಅದರ ಸಂಬಳವೂ ನಿಂತಿದೆ.