ಅಳಿವೆ ಬಾಗಿಲಿನ ಮರಳು

ನೇತ್ರಾವತಿ, ಗುರುಪುರ ನದಿಗಳೆರಡೂ ಮಂಗಳೂರಿನ ಹಳೆಯ ಬಂದರಿನ ಬಳಿ ಒಂದೇ ಬಾಯಿಯಿಂದ ಕಡಲನ್ನು ಸೇರುತ್ತವೆ. ಕರಾವಳಿಯ ಜನ ಇದನ್ನು ‘ಅಳಿವೆ ಬಾಗಿಲು’ ಎನ್ನುತ್ತಾರೆ. ಹಳೆಯ ಬಂದರಿನ ಮೀನುದೋಣಿಗಳು ಕಡಲಿಗೆ ಹೋಗಿಬರುವ ದಾರಿ ಇದೇ. ಆದರೆ ಈ ಬಾಗಿಲಿಗೆ ಹೊಸ್ತಿಲೂ ಒಂದುಂಟು, ಅದು ಮರಳಿನದು. ನೀರಿನಡಿಯ ಆ ದಿಬ್ಬ ಇಂದು ಇದ್ದಲ್ಲಿ ನಾಳೆ ಇರದು. ಅಲೆ ಒಡೆಯುವ ಹೊತ್ತಿನಲ್ಲಿ ತಳ ತಾಗಿ ದೋಣಿ ಮಗುಚಿತೆಂದರೆ, ನಡುಗಡಲನ್ನು ಗೆದ್ದು ಬಂದವರು ಊರಿನ ದೀಪ ಕಾಣುವಷ್ಟು ದೂರದಲ್ಲಿಯೇ ಮುಳುಗಬೇಕಾಗುತ್ತದೆ.

ಹೂಳೆತ್ತಿದರೆ ಮುಗಿಯಿತಲ್ಲವೆ ಎಂದು ಓದುಗರು ಕೇಳಬಹುದು. ಮುಗಿಯುವುದಿಲ್ಲ. ದಾರಿಯನ್ನು ಆಳ ಮಾಡಿದಷ್ಟೂ ಅಲ್ಲಿ ನೀರಿನ ವೇಗ ಕುಗ್ಗುತ್ತದೆ. ವೇಗ ಕುಗ್ಗಿದ ನೀರು ತಾನು ಹೊತ್ತ ಮರಳನ್ನು ಅಲ್ಲಿಯೇ ಇಳಿಸುತ್ತದೆ. ಆದುದರಿಂದ ತೋಡುವುದಕ್ಕೆ ಮುನ್ನ ಮರಳಿನ ನಡೆಯನ್ನು ಅರಿಯಬೇಕು.

ಈ ಅರಿವಿಗೆ ದಾರಿ ತೋರಿದವರಲ್ಲಿ ಒಬ್ಬನು ಆಸ್‌ಬರ್ನ್ ರೆನಾಲ್ಡ್ಸ್. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದ ಈತನು 1885ರಲ್ಲಿ ಮರ್ಸಿ ನದಿಯ ಅಳಿವೆಯನ್ನೇ ಒಂದು ತೊಟ್ಟಿಯೊಳಗೆ ಇಳಿಸಿದನು. ಉದ್ದಗಲಗಳನ್ನು ಸುಮಾರು 31,800 ಪಟ್ಟು, ಆಳವನ್ನು 960 ಪಟ್ಟು ಕುಗ್ಗಿಸಿ, ತಳದಲ್ಲಿ ಮರಳನ್ನು ಸಮನಾಗಿ ಹರಡಿ, ನೀರನ್ನು ಏರಿಳಿಸತೊಡಗಿದನು. ಕಡಲಿನಲ್ಲಿ 12 ಗಂಟೆ 25 ನಿಮಿಷ ಹಿಡಿಯುವ ಉಬ್ಬರವಿಳಿತ ತೊಟ್ಟಿಯಲ್ಲಿ ಸುಮಾರು 40 ಸೆಕೆಂಡುಗಳದು. ವರ್ಷವೊಂದು 8 ಗಂಟೆಗಳಲ್ಲಿ ಕಳೆಯುತ್ತಿತ್ತು. ಸಾವಿರಾರು ಏರಿಳಿತಗಳಾದ ಮೇಲೆ ನೋಡಿದರೆ, ಸಮತಟ್ಟಾಗಿದ್ದ ಮರಳಿನಲ್ಲಿ ಮರ್ಸಿಯ ದಿಬ್ಬಗಳನ್ನೂ ನೀರ್ದಾರಿಗಳನ್ನೂ ಹೋಲುವ ರೂಪಗಳು ತಾವಾಗಿ ಮೂಡಿದ್ದವು!

ತೊಟ್ಟಿಗೂ ಮಿತಿಯುಂಟು. ಮರಳಿನ ಕಣವನ್ನು ಅದೇ ಪ್ರಮಾಣದಲ್ಲಿ ಕಿರಿದಾಗಿಸಲಾಗದು; ಹಾಗೆ ಅರೆದರೆ ಅದು ಮರಳಾಗಿ ಉಳಿಯದೆ ಜೇಡಿಯಂತೆ ಅಂಟಿಕೊಳ್ಳುತ್ತದೆ. ಇಂದು ಗಣಕಯಂತ್ರವೂ ನೆರವಿಗೆ ಬಂದಿದೆ. ಅಳಿವೆಯ ನಕ್ಷೆಯನ್ನು ಚದುರಂಗದ ಮಣೆಯಂತೆ ಮನೆಮನೆಯಾಗಿ ವಿಂಗಡಿಸಿ, ಪ್ರತಿ ಮನೆಗೂ ಬಂದ ಮರಳೆಷ್ಟು, ಹೋದುದೆಷ್ಟು ಎಂಬ ಜಮಾಖರ್ಚನ್ನು ಅದು ಇಡುತ್ತದೆ. ಉಳಿದರೆ ತಳ ಏರುವುದು, ಕಳೆದರೆ ಇಳಿಯುವುದು. ತಳ ಬದಲಾದರೆ ಹರಿವೂ ಬದಲಾಗುವುದರಿಂದ ಲೆಕ್ಕ ಮತ್ತೆ ಮೊದಲಿನಿಂದ!

ಆದರೆ ಅಳಿವೆಗೇ ಹೋಗಿ ಆಳ, ಅಲೆ, ಹರಿವುಗಳನ್ನು ಅಳೆದು ತಾರದಿದ್ದರೆ ಯಂತ್ರದ ಉತ್ತರಕ್ಕೆ ಬೆಲೆಯಿಲ್ಲ. ಅಲೆತಡೆಗೋಡೆಯನ್ನು ತಪ್ಪಾದ ಕಡೆ ಕಟ್ಟಿದರೆ ಒಂದು ಬದಿಯಲ್ಲಿ ಮರಳು ಗುಡ್ಡೆಯಾಗಿ, ಮತ್ತೊಂದು ಬದಿಯ ತೆಂಗಿನ ತೋಟ ಕಡಲಿನ ಪಾಲಾದೀತು. ತೊಟ್ಟಿಯಲ್ಲಿ ಮಾಡಿದ ತಪ್ಪನ್ನು ಮರುದಿನವೇ ತಿದ್ದಬಹುದು. ಕಡಲಿನಲ್ಲಿ ಮಾಡಿದ ತಪ್ಪಿನ ಬೆಲೆಯನ್ನು ದಡದ ಸಂಸಾರಗಳು ತಲೆಮಾರುಗಳವರೆಗೆ ತೆರಬೇಕಾಗುತ್ತದೆ.